ಹಳೇ ಫುಟ್‌ಬಾಲ್ ಕ್ಯಾಸೆಟ್ಟು, ಎಐ ಮತ್ತು ಕಾಣೆಯಾಗುವ ಚೆಂಡು

ನಮ್ಮಪ್ಪನದು ಮದುವೆ ವಿಡಿಯೊ ತೆಗೆಯುವ ಕೆಲಸ. ತೊಂಬತ್ತರ ದಶಕದಲ್ಲಿ ಪ್ಯಾನಸೋನಿಕ್ ಎಂ7 ಕ್ಯಾಮೆರಾ ಹೆಗಲಿಗೇರಿಸಿಕೊಂಡು ಛತ್ರದಿಂದ ಛತ್ರಕ್ಕೆ ಓಡಾಡುತ್ತಿದ್ದರು. ಮುಹೂರ್ತ ಇಲ್ಲದ ಆಷಾಢದಲ್ಲಿ ಅದೇ ಕ್ಯಾಮೆರಾ ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರು ಕಡೆಯ ಫುಟ್‌ಬಾಲ್ ಮೈದಾನಗಳಿಗೆ ಹೋಗುತ್ತಿತ್ತು. ಹಾಗಾಗಿ ನಮ್ಮ ಮನೆ ಅಟ್ಟದಲ್ಲಿ ಧಾರೆ, ಆರತಕ್ಷತೆ ಕ್ಯಾಸೆಟ್‌ಗಳ ನಡುವೆ ಫುಟ್‌ಬಾಲ್ ಮ್ಯಾಚುಗಳೂ ಸೇರಿಕೊಂಡಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿ, ಎಐ ಹಚ್ಚಿ ಚೊಕ್ಕ ಮಾಡಿ, ಆಗ ಆಡಿದವರ ಕೈಗೆ ಕೊಡುವುದು ಈಗ ನನ್ನ ಕೆಲಸ. ಹೇಗೆ ಮಾಡೋದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಎಐ ಪಾಲು ಕಡಿಮೆ. ಮುಕ್ಕಾಲು ಭಾಗ ಅದಕ್ಕೆ ಮುಂಚೆಯೇ ಮುಗಿದಿರಬೇಕು. ಮತ್ತೆ, ಸೆಟಿಂಗ್ ಸರಿ ಇದೆಯೋ ಇಲ್ಲವೋ ಎಂದು ನೋಡಲು ನನಗಿರುವುದು ಒಂದೇ ಅಳತೆ: ಚೆಂಡು. ಆಟಗಾರನ ಮುಖ ಎಷ್ಟು ಹೊಳೆಯಿತು ಎಂದು ನಾನು ನೋಡುವುದಿಲ್ಲ. ಗಾಳಿಯಲ್ಲಿ ಹಾರುವ ಚೆಂಡು ಹೊರಟಲ್ಲಿಂದ ಬಿದ್ದಲ್ಲಿಯವರೆಗೆ ಒಂದೇ ಒಂದಾಗಿ ಕಾಣುತ್ತಿದೆಯೇ ಎಂದು ನೋಡುತ್ತೇನೆ.

ಮರಡೋನಾನನ್ನು ಬಿಟ್ಟುಬಿಡಿ

ಬಹಳ ಜನ ತರುವುದು 1986ರ ವಿಶ್ವಕಪ್ಪಿನ ಕ್ಯಾಸೆಟ್. ದೂರದರ್ಶನದಿಂದ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಜೂನ್ 22ರ ಅರ್ಜೆಂಟೀನಾ-ಇಂಗ್ಲೆಂಡ್ ಮ್ಯಾಚು ಮೆಕ್ಸಿಕೋದಲ್ಲಿ ಮಧ್ಯಾಹ್ನ 12ಕ್ಕೆ ಶುರುವಾದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಆ ಕ್ಯಾಸೆಟ್ ಮೇಲೆ ಪ್ರೀತಿ ಇರುವುದು ಸಹಜವೇ. ಆದರೆ ಅದಕ್ಕೆ ಎಐ ಹಚ್ಚುವುದು ದಂಡ.

ಕಾರಣ ಇಷ್ಟು. ಮೆಕ್ಸಿಕೋದ ಟಿವಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 60 ಫೀಲ್ಡು, ಅಂದರೆ ಅರ್ಧ ಚಿತ್ರ. ನಮ್ಮ ಪಾಲ್ ಪದ್ಧತಿಯಲ್ಲಿ 625 ಗೆರೆ, 50 ಫೀಲ್ಡು. ಅಲ್ಲಿನ ಚಿತ್ರ ಇಲ್ಲಿಗೆ ಬರುವಾಗ ದಾರಿಯಲ್ಲಿ ಎಲ್ಲೋ ಪರಿವರ್ತನೆ ಆಗಲೇಬೇಕಿತ್ತು. ಆಗಿನ ಯಂತ್ರಗಳು ಅಕ್ಕಪಕ್ಕದ ಫೀಲ್ಡುಗಳನ್ನು ಬೆರೆಸಿ ಹೊಸದೊಂದನ್ನು ಮಾಡುತ್ತಿದ್ದವು. ಹಾಗಾಗಿ ಓಡುವ ಕಾಲಿನ ಹಿಂದೆ ಇನ್ನೊಂದು ಮಸುಕು ಕಾಲು, ಚೆಂಡಿನ ಹಿಂದೆ ಇನ್ನೊಂದು ಮಸುಕು ಚೆಂಡು. ಎಐ ಈ ನೆರಳನ್ನು ತೆಗೆಯುವುದಿಲ್ಲ. ಅದೂ ನಿಜವೆಂದೇ ನಂಬಿ ಎರಡನ್ನೂ ಚೂಪು ಮಾಡುತ್ತದೆ. ಇಷ್ಟಾಗಿ ಆ ಮ್ಯಾಚಿನ ಒಳ್ಳೆ ಪ್ರತಿ ಬೇರೆಡೆ ಇದ್ದೇ ಇದೆ, ಹಕ್ಕೂ ಅವರದೇ. ನಿಮ್ಮ ಸಮಯ ನಿಮ್ಮ ಹತ್ತಿರ ಮಾತ್ರ ಇರುವ ಕ್ಯಾಸೆಟ್‌ಗೆ ಇರಲಿ: ಕಾಲೇಜು ಟೂರ್ನಮೆಂಟು, ಫ್ಯಾಕ್ಟರಿ ಟೀಮಿನ ಮ್ಯಾಚು, ಏರಿಯಾ ಕಪ್ಪು. ಅದು ಹೋದರೆ ಹೋಯಿತು, ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ.

ಕ್ಯಾಸೆಟ್, ವಿಸಿಆರ್, ಕೇಬಲ್

ಕ್ಯಾಸೆಟ್‌ನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಫಂಗಸ್. ಅದನ್ನು ಹಾಗೇ ವಿಸಿಆರ್‌ಗೆ ಹಾಕಬೇಡಿ. ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ಎಳೆ ಬಿಡದ ಬಟ್ಟೆಯ ನಡುವೆ ಟೇಪು ಮೆಲ್ಲಗೆ ಹಾದುಹೋಗುವಂತೆ ಮಾಡಿ ಒರೆಸಬೇಕು. ಧೈರ್ಯ ಇಲ್ಲದಿದ್ದರೆ ಇದನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ. ಕ್ಯಾಸೆಟ್ ಬೆನ್ನಿನ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಯಾರಾದರೂ ಗೊತ್ತಿಲ್ಲದೆ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ವರ್ಷಗಟ್ಟಲೆ ಸುಮ್ನೆ ಕೂತಿದ್ದ ಟೇಪನ್ನು ಪ್ಲೇ ಮಾಡುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ.

ಮಾಮೂಲಿ ವಿಎಚ್‌ಎಸ್ ಕ್ಯಾಸೆಟ್ಟಿಗಿಂತ ಮೇಲ್ದರ್ಜೆಯ ಎಸ್-ವಿಎಚ್‌ಎಸ್ ಪದ್ಧತಿಯ ವಿಸಿಆರ್ ಸಿಕ್ಕರೆ ಒಳ್ಳೆಯದು, ಮಾಮೂಲಿ ಕ್ಯಾಸೆಟ್ಟೂ ಅದರಲ್ಲಿ ಓಡುತ್ತದೆ. ಅದರ ಎಸ್-ವಿಡಿಯೊ ಕೇಬಲ್‌ನಲ್ಲಿ ಬೆಳಕು ಮತ್ತು ಬಣ್ಣ ಬೇರೆಬೇರೆ ತಂತಿಯಲ್ಲಿ ಬರುತ್ತವೆ. ಹಳದಿ ಪಿನ್ನಿನಲ್ಲಿ ಎರಡೂ ಒಂದರ ಮೇಲೊಂದು ಬೀಳುತ್ತವೆ. ಇನ್ನೊಂದು ವಿಷಯ, ಗೋಲುಕಂಬ. ಹಳೇ ಟೇಪಿನಲ್ಲಿ ಒಂದೊಂದು ಗೆರೆಯೂ ಒಂಚೂರು ಆಚೀಚೆ ಶುರುವಾಗುತ್ತದೆ, ಹಾಗಾಗಿ ನೆಟ್ಟಗಿರಬೇಕಾದ ಕಂಬ ನುಲಿಯುತ್ತದೆ. ಇದನ್ನು ಸರಿ ಮಾಡುವುದು ಟಿಬಿಸಿ, ಅಂದರೆ ಟೈಮ್ ಬೇಸ್ ಕರೆಕ್ಟರ್. ಕೆಲವು ಎಸ್-ವಿಎಚ್‌ಎಸ್ ಮಾಡೆಲ್‌ಗಳ ಒಳಗೇ ಇರುತ್ತದೆ. ಇಲ್ಲದಿದ್ದರೆ ಕೆಲವು ಹಳೇ ಡಿವಿಡಿ ರೆಕಾರ್ಡರ್‌ಗಳನ್ನು ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಹಾಕಿದರೂ ಕಂಬ ಸುಮಾರಾಗಿ ನೆಟ್ಟಗಾಗುತ್ತದೆ. ಇಲ್ಲಿ ಸೊಟ್ಟ ಇದ್ದದ್ದನ್ನು ಮುಂದೆ ಯಾವ ಎಐ ಕೂಡ ನೆಟ್ಟಗೆ ಮಾಡುವುದಿಲ್ಲ.

ಎಸ್‌ಪಿ ರೋಡಿನಲ್ಲಿ ಅಗ್ಗಕ್ಕೆ ಸಿಗುವ, ಹಳದಿ ಪಿನ್ನನ್ನು ಎಚ್‌ಡಿಎಂಐ ಮಾಡುವ ಪುಟ್ಟ ಡಬ್ಬಿ ಬೇಡ. ಅದು ತನ್ನಷ್ಟಕ್ಕೆ ತಾನೇ ಚಿತ್ರವನ್ನು ಹಿಗ್ಗಿಸಿ, ಫೀಲ್ಡುಗಳನ್ನು ಕಲಸಿ, ಆಮೇಲೆ ನಿಮಗೆ ಕೊಡುತ್ತದೆ. ಫೀಲ್ಡನ್ನು ಮುಟ್ಟದೆ ಹಾಗೇ ದಾಟಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ತೆಗೆದುಕೊಳ್ಳಿ.

ವರ್ಚುವಲ್‌ಡಬ್2 ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 720×576, ಸೆಕೆಂಡಿಗೆ 25 ಫ್ರೇಮು, ಇಂಟರ್‌ಲೇಸ್ (ಎರಡು ಫೀಲ್ಡುಗಳ ಹೆಣಿಗೆ) ಇದ್ದ ಹಾಗೇ, ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ ಇಳಿಸಿ. ಇವೆರಡೂ ಏನನ್ನೂ ಬಿಸಾಡದೆ ಕುಗ್ಗಿಸುತ್ತವೆ. ಗಂಟೆಗೆ ಸುಮಾರು 30-35 ಜಿಬಿ ಆಗುತ್ತದೆ. ಜಾಗ ತಿನ್ನುತ್ತದೆ ಎಂದು ಇಳಿಸುವಾಗಲೇ ಎಂಪಿ4 ಮಾಡಿದರೆ ಚಿತ್ರದಲ್ಲಿ ಚೌಕಚೌಕ ಏಳುತ್ತದೆ. ಎಐ ಆ ಚೌಕಗಳ ಅಂಚನ್ನೂ ಮುತುವರ್ಜಿಯಿಂದ ತೀಡಿ ಕೊಡುತ್ತದೆ.

ಐವತ್ತು ಫೀಲ್ಡು, ಐವತ್ತು ಫ್ರೇಮು

ಇದು ಇಡೀ ಕೆಲಸದ ಜೀವಾಳ. ನಿಧಾನವಾಗಿ ಓದಿ.

ವಿಡಿಯೊ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ ಅಂತೀವಲ್ಲ, ಅದು ಅರ್ಧ ಸತ್ಯ. ಅದು ತೆಗೆಯುವುದು 50 ಅರ್ಧ ಚಿತ್ರ. ಒಂದರಲ್ಲಿ ಸರಿಸಂಖ್ಯೆಯ 288 ಗೆರೆ, ಮುಂದಿನದರಲ್ಲಿ ಬೆಸಸಂಖ್ಯೆಯ 288 ಗೆರೆ. ಎರಡೂ ಬೇರೆ ಬೇರೆ ಕ್ಷಣದವು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುವ ಚೆಂಡು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಚೆಂಡಿನ ಅಗಲ ಬರೀ 22 ಸೆಂಟಿಮೀಟರ್. ಹಾಗಾಗಿ ಎರಡು ಫೀಲ್ಡನ್ನು ಒಂದೇ ಫ್ರೇಮಿಗೆ ಸೇರಿಸಿದರೆ ಒಂದು ಚೆಂಡು ಎರಡು ಪಟ್ಟೆಪಟ್ಟೆ ಚೆಂಡಾಗುತ್ತದೆ, ಓಡುವವನ ತೋಳಿನ ಅಂಚು ಬಾಚಣಿಗೆ ಹಲ್ಲಿನಂತೆ ಎದ್ದು ನಿಲ್ಲುತ್ತದೆ. ಒಂದು ಫೀಲ್ಡನ್ನು ಎಸೆದರೆ ಅರ್ಧ ಆಟವನ್ನೇ ಎಸೆದಂತೆ. ನಮಗೆ ಬೇಕಾದ್ದು 50 ಫೀಲ್ಡಿನಿಂದ 50 ಪೂರ್ತಿ ಫ್ರೇಮು.

ಇದಕ್ಕೆ ಇವತ್ತಿಗೂ ನನ್ನ ಕೈ ಹೋಗುವುದು ಕ್ಯೂಟಿಜಿಎಂಸಿ ಎಂಬ ಉಚಿತ ಸ್ಕ್ರಿಪ್ಟಿಗೆ. ಅದು ಓಡುವುದು ಏವಿಸಿಂತ್ ಎಂಬ ಪ್ರೋಗ್ರಾಮಿನಲ್ಲಿ, ಅದನ್ನು ಕಲಿಯುವ ತಾಳ್ಮೆ ಇಲ್ಲದವರು ಹೈಬ್ರಿಡ್ ಎಂಬ ಸಾಫ್ಟ್‌ವೇರಿನಲ್ಲಿ ಬಟನ್ ಒತ್ತಿಯೇ ಇದನ್ನು ಹಚ್ಚಬಹುದು. ದುಡ್ಡು ಕೊಟ್ಟು ಬಳಸುವ ಟೋಪಾಜ್ ವಿಡಿಯೊ ಎಂಬ ಎಐ ಸಾಫ್ಟ್‌ವೇರಿನಲ್ಲಿ ಡಯೋನಿ ಎಂಬ ಮಾಡೆಲ್‌ಗಳು ಇದೇ ಕೆಲಸ ಮಾಡುತ್ತವೆ. ಪರವಾಗಿಲ್ಲ, ಆದರೆ ದೂರದ ಚೆಂಡಿನ ವಿಷಯದಲ್ಲಿ ನನಗೆ ಕ್ಯೂಟಿಜಿಎಂಸಿ ಮೇಲೆಯೇ ನಂಬಿಕೆ ಜಾಸ್ತಿ.

ಯಾವ ಫೀಲ್ಡು ಮೊದಲು ಎಂಬುದನ್ನು ಸರಿಯಾಗಿ ಹೇಳಬೇಕು. ವಿಎಚ್‌ಎಸ್‌ನಿಂದ ಹೀಗೆ ಇಳಿಸಿದ್ದು ಸಾಮಾನ್ಯವಾಗಿ ಮೇಲಿನ ಫೀಲ್ಡು ಮೊದಲು. ಡಿವಿ (ಡಿಜಿಟಲ್ ವಿಡಿಯೊ) ಕ್ಯಾಮೆರಾದ ಪುಟ್ಟ ಟೇಪಾದರೆ ಕೆಳಗಿನದು ಮೊದಲು. ಅನುಮಾನ ಬಂದರೆ ಒಂದು ಉದ್ದನೆಯ ಗೋಲ್ ಕಿಕ್ ಹುಡುಕಿ, ಒಂದೊಂದೇ ಫ್ರೇಮು ಮುಂದೆ ಸರಿಸಿ. ಚೆಂಡು ಮುಂದೆ, ಮುಂದೆ, ಮುಂದೆ ಹೋದರೆ ಸರಿ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂದು ಕುಣಿದರೆ ಉಲ್ಟಾ ಆಗಿದೆ. ಬದಲಾಯಿಸಿ.

ಒಂದು ಸಲ 50 ಫ್ರೇಮು ಸಿಕ್ಕ ಮೇಲೆ ಎಐನಿಂದ ನಡುನಡುವೆ ಹೊಸ ಫ್ರೇಮು ಹುಟ್ಟಿಸುವ ಆಸೆ ಬೇಡ. ರೈಫ್ ಥರದ ಮಾಡೆಲ್‌ಗಳು ನಡೆದು ಬರುವವರ ಚಿತ್ರಕ್ಕೆ ಚೆನ್ನಾಗಿವೆ. ಚೆಂಡು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ತನ್ನ ಅಗಲಕ್ಕಿಂತ ದೂರ ಜಿಗಿದಿದ್ದರೆ ಎರಡೂ ಒಂದೇ ಚೆಂಡು ಎಂದು ಅವಕ್ಕೆ ಗೊತ್ತಾಗದೆ ಹೋಗಬಹುದು. ಆಗ ನಡುವಿನ ಫ್ರೇಮಿನಲ್ಲಿ ಚೆಂಡೇ ಕರಗಿಹೋಗಿರುತ್ತದೆ. ಟ್ಯಾಕಲ್ ಮಾಡುವಾಗ ಹೆಣೆದುಕೊಂಡ ಕಾಲುಗಳನ್ನು ನೋಡಿದರಂತೂ ನಗು ಬರುತ್ತದೆ, ಇಬ್ಬರಿಗೆ ಸೇರಿ ಮೂರು ಕಾಲು.

ಕೊಳೆ ತೆಗೆಯುವಾಗ ಚೆಂಡನ್ನೂ ತೆಗೆದುಬಿಟ್ಟರೆ?

ಒಂದು ಲೆಕ್ಕ ನೋಡಿ. ಸ್ಟ್ಯಾಂಡಿನಿಂದ ತೆಗೆದ ಚಿತ್ರದಲ್ಲಿ ಐವತ್ತು ಮೀಟರ್ ಮೈದಾನ ಕಾಣುತ್ತಿದೆ ಎಂದುಕೊಳ್ಳಿ. 720 ಪಿಕ್ಸೆಲ್‌ನಲ್ಲಿ ಮೀಟರಿಗೆ ಹದಿನಾಲ್ಕು. ಅಂದರೆ ಚೆಂಡಿಗೆ ಸಿಗುವುದು ಮೂರೇ ಪಿಕ್ಸೆಲ್. ಟೇಪಿನ ಲೇಪ ಉದುರಿದ ಕಡೆ ಫಕ್ಕನೆ ಮಿಂಚಿ ಹೋಗುವ ಬಿಳಿ ಚುಕ್ಕೆ ಇರುತ್ತದಲ್ಲ, ಡ್ರಾಪ್‌ಔಟ್ ಅಂತೀವಿ, ಅದೂ ಹೆಚ್ಚುಕಡಿಮೆ ಇಷ್ಟೇ. ಎರಡೂ ಬಿಳಿ, ಎರಡೂ ಪುಟ್ಟದು, ಎರಡೂ ಒಂದು ಜಾಗದಲ್ಲಿ ಒಂದೇ ಫ್ರೇಮು ಇದ್ದು ಮಾಯವಾಗುತ್ತವೆ. ನಾಯ್ಸ್, ಅಂದರೆ ಚಿತ್ರದ ಗುಜುಗುಜು, ತೆಗೆಯುವ ಪ್ರೋಗ್ರಾಮಿಗೆ ಚೆಂಡು ಯಾವುದು, ಕೊಳೆ ಯಾವುದು ಎಂದು ಹೇಗೆ ಗೊತ್ತಾಗಬೇಕು? ಅಕ್ಕಪಕ್ಕದ ಫ್ರೇಮು ನೋಡಿ "ಇಲ್ಲಿ ಇರಬಾರದ್ದು ಏನೋ ಇದೆ" ಎಂದು ಚೆಂಡನ್ನೇ ಒರೆಸಿಹಾಕುತ್ತದೆ. ಫ್ರೀ ಕಿಕ್ ಹೊಡೆದವನ ಕಾಲು ಬೀಸುತ್ತದೆ, ಗೋಲಿ ಹಾರುತ್ತಾನೆ, ನಡುವೆ ಏನೂ ಇಲ್ಲ.

ಅದಕ್ಕೆ ನಾಯ್ಸ್ ತೆಗೆಯುವುದನ್ನು ತೀರಾ ಕಡಿಮೆ ಇಡಿ. ಸ್ವಲ್ಪ ಗುಜುಗುಜು ಉಳಿದರೆ ಉಳಿಯಲಿ. ಡ್ರಾಪ್‌ಔಟ್ ಜಾಸ್ತಿ ಇರುವ ಕಡೆ ಮಾತ್ರ ಆ ತುಣುಕನ್ನು ಬೇರೆ ಮಾಡಿ ಜೋರಾಗಿ ತೊಳೆಯಿರಿ, ಚೆಂಡು ಆಟದಲ್ಲಿ ಇಲ್ಲದ ಕ್ಷಣಗಳಾದರೆ ಇನ್ನೂ ಅನುಕೂಲ. ಕೆಳಗಿನ ಅಂಚಿನಲ್ಲಿ ಹತ್ತು ಗೆರೆಯಷ್ಟು ಹರಿದಂತೆ ಕಾಣುವುದು ವಿಸಿಆರ್‌ನ ಹೆಡ್ ಬದಲಾಗುವ ಜಾಗ. ಅದನ್ನು ಕತ್ತರಿಸಿ.

ಬಣ್ಣಕ್ಕೆ ಆಟೋ ಬಟನ್ ಒತ್ತಬೇಡಿ. ನಮ್ಮ ಮೈದಾನಗಳಲ್ಲಿ ಹುಲ್ಲಿಗಿಂತ ಕೆಂಪು ಮಣ್ಣೇ ಹೆಚ್ಚು. ಚಿತ್ರದ ತುಂಬ ಕೆಂಪು ಇರುವುದನ್ನು ಕಂಡು ಆಟೋ ಬಟನ್ ಅದನ್ನು ಬೂದು ಬಣ್ಣಕ್ಕೆ ಎಳೆಯುತ್ತದೆ, ಆಟಗಾರರ ಮೈಯೆಲ್ಲ ನೀಲಿ ಹೊಡೆಯುತ್ತದೆ. ಪೆನಾಲ್ಟಿ ಬಾಕ್ಸಿನ ಸುಣ್ಣದ ಗೆರೆ ಇದೆಯಲ್ಲ, ಅದನ್ನು ಬಿಳಿ ಎಂದು ಹಿಡಿದು ಉಳಿದದ್ದನ್ನು ಹೊಂದಿಸಿ. ಕಿಕ್‌ಆಫ್ ಆದ ಹೊಸತರಲ್ಲೇ ನೋಡಿ, ಆಮೇಲೆ ಗೆರೆಯೇ ಅಳಿಸಿಹೋಗಿರುತ್ತದೆ.

ಈಗ ಎಐ

ಎಷ್ಟು ದೊಡ್ಡದು ಮಾಡಬೇಕು? ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ನಿಜವಾಗಿ ಉಳಿದಿರುವುದು ಸುಮಾರು 240 ಗೆರೆಯಷ್ಟು ವಿವರ. ಅದರಿಂದ 4ಕೆ ಮಾಡುತ್ತೇನೆ ಎಂದರೆ ಬಹುಪಾಲು ಎಐ ಸ್ವಂತವಾಗಿ ಬರೆದದ್ದೇ ಆಗುತ್ತದೆ. 1440×1080 ಸಾಕು. ಚಿತ್ರದ ಆಕಾರ 4:3 ಇದ್ದದ್ದು ಹಾಗೇ ಇರಲಿ. ಟಿವಿ ತುಂಬಲಿ ಎಂದು ಅಗಲಕ್ಕೆ ಎಳೆದರೆ ಹದಿನೆಂಟು ವರ್ಷದ ವಿಂಗರ್ ಹುಡುಗನಿಗೂ ಹೊಟ್ಟೆ ಬರುತ್ತದೆ. ಪಕ್ಕದ ಕಪ್ಪು ಪಟ್ಟಿಗೆ ಹೆದರಬೇಡಿ.

ಹಾಗಾದರೆ 576 ಗೆರೆಯಲ್ಲೇ ಬಿಡಬಹುದಲ್ವಾ? ಬಿಡಬಹುದು. ಆದರೆ ಯೂಟ್ಯೂಬ್‌ನಲ್ಲಿ 50 ಫ್ರೇಮು ಓಡಬೇಕಾದರೆ ಕನಿಷ್ಠ 720 ಗೆರೆ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅದು 25ಕ್ಕೆ ಇಳಿಸಿಬಿಡುತ್ತದೆ, ಪಟ್ಟ ಕಷ್ಟವೆಲ್ಲ ನೀರಿಗೆ. ನಾನು ಚಿತ್ರ ಹಿಗ್ಗಿಸುವುದಕ್ಕೆ ಮುಖ್ಯ ಕಾರಣ ಇದೇ.

ಉಚಿತವಾಗಿ ಬೇಕೆಂದರೆ ವಿಡಿಯೊ2ಎಕ್ಸ್ ಹಾಕಿಕೊಂಡು ಅದರಲ್ಲಿ ರಿಯಲ್-ಇಎಸ್‌ಆರ್‌ಗ್ಯಾನ್ ಬಳಸಬಹುದು. ಇದು ಒಂದೊಂದು ಫ್ರೇಮನ್ನೂ ಬಿಡಿ ಫೋಟೊ ಎಂದು ನೋಡುತ್ತದೆ. ಹಿಂದಿನ ಫ್ರೇಮಿನಲ್ಲಿ ಹುಲ್ಲನ್ನು ಹೇಗೆ ಬರೆದೆ ಎಂಬ ನೆನಪು ಅದಕ್ಕಿಲ್ಲ. ಹಾಗಾಗಿ ಹುಲ್ಲು, ನೆಟ್ಟು, ಜನರ ಗುಂಪು ಎಲ್ಲ ಕುದಿಯುವಂತೆ ಕಾಣುತ್ತವೆ. ಟೋಪಾಜ್‌ನ ಮಾಡೆಲ್‌ಗಳು ಅಕ್ಕಪಕ್ಕದ ಫ್ರೇಮನ್ನೂ ನೋಡುವುದರಿಂದ ಈ ಕುದಿತ ಕಡಿಮೆ. ಅದರಲ್ಲಿ ಪ್ರೋಟಿಯಸ್ ಎಂಬ ಮಾಡೆಲ್ ತೆಗೆದುಕೊಂಡು, ಆಟೋ ಬಿಟ್ಟು, ಪ್ರತಿ ಗುಂಡಿಯನ್ನೂ ಕೈಯಲ್ಲೇ ಹೊಂದಿಸಿ. ಚೂಪು ಮಾಡುವುದು ತೀರಾ ಕಡಿಮೆ, ವಿವರ ಹುಟ್ಟಿಸುವುದು ಇನ್ನೂ ಕಡಿಮೆ. ಐರಿಸ್ ಎಂಬ ಮಾಡೆಲ್ ಮುಖಗಳಿಗೆ ಒಳ್ಳೆಯದು ಎನ್ನುತ್ತಾರೆ. ದೂರದಿಂದ ತೆಗೆದ ಫುಟ್‌ಬಾಲಿಗೆ ಅದೇ ಅದರ ತೊಂದರೆ.

ಯಾಕೆ ಎನ್ನುತ್ತೇನೆ ಕೇಳಿ. ಮೇಲಿನ ಲೆಕ್ಕದಲ್ಲೇ ಒಬ್ಬ ಆಟಗಾರನ ಮುಖ ಎಂದರೆ ಮೂರು-ನಾಲ್ಕು ಪಿಕ್ಸೆಲ್. ಅಷ್ಟರಲ್ಲಿ ಕಣ್ಣು, ಮೂಗು, ಮೀಸೆ ಯಾವುದೂ ಇಲ್ಲ. ಆದರೂ ಎಐ ಮುಖ ಬರೆಯುತ್ತದೆ. ಅಪ್ಪನ ಸ್ನೇಹಿತರೊಬ್ಬರು, ಆಗ ಲೆಫ್ಟ್ ಬ್ಯಾಕ್ ಆಡುತ್ತಿದ್ದವರು, ಬೇರೆ ಸ್ಟುಡಿಯೊದಲ್ಲಿ ಮಾಡಿಸಿದ ಕ್ಲಿಪ್ಪನ್ನು ಮೊಬೈಲಿನಲ್ಲಿ ತೋರಿಸಲು ಬಂದಿದ್ದರು. ಕಾರ್ನರ್ ಕಿಕ್‌ಗೆ ಹತ್ತು ಜನ ಗೋಲಿನ ಮುಂದೆ ನಿಂತಿದ್ದಾರೆ. ಎಲ್ಲರಿಗೂ ನುಣ್ಣನೆ ಕೆನ್ನೆ, ಒಂದೇ ಥರದ ಹುಬ್ಬು. "ಅಮ್ಮಾ, ಜರ್ಸಿ ನಂದೇ. ಆದ್ರೆ ಒಳಗಿರೋನು ಯಾರು?" ಅಂದರು. ಬೆನ್ನಿನ ನಂಬರು ಕೂಡ 3 ಇದ್ದದ್ದು 8ರ ಥರ ಆಗಿತ್ತು. ಹಿಂದಿನ ಗೋಡೆಯ ಮೇಲಿದ್ದ ಕನ್ನಡ ಜಾಹೀರಾತು ಯಾವ ಭಾಷೆಯೂ ಅಲ್ಲದ ಸುರುಳಿಗಳಾಗಿತ್ತು.

ಹಾಗಾಗಿ ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್ ಥರದ ಮುಖ ತಿದ್ದುವ ಆಯ್ಕೆ ಎಲ್ಲಿದ್ದರೂ ಆಫ್ ಮಾಡಿ. ಕಪ್ಪು-ಬಿಳುಪಿನ ರೀಲುಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1-2ರಿಂದ ಸೋತಾಗ ಭಾರತದ ಹಲವರು ಆಡಿದ್ದು ಬರಿಗಾಲಲ್ಲಿ. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ಕಾಲದ ಆಟಗಾರರ ಮಸುಕು ಪಾದ ಕಂಡರೆ, ಈಗಿನ ಚಿತ್ರಗಳನ್ನು ನೋಡಿ ಕಲಿತ ಎಐ ಸಲೀಸಾಗಿ ಬೂಟು ತೊಡಿಸಿಬಿಡಬಹುದು. ಬಣ್ಣ ಹಾಕುವ ಡಿಓಲ್ಡಿಫೈ ಥರದ ಸಾಧನವೂ ಅಷ್ಟೇ. ಜರ್ಸಿ ಯಾವ ಬಣ್ಣ ಎಂದು ಅದಕ್ಕೆ ಗೊತ್ತಿಲ್ಲ, ಊಹಿಸುತ್ತದೆ. ಆಡಿದವರೋ ಅಂದಿನ ಪತ್ರಿಕೆಯೋ ಬಣ್ಣ ಹೇಳದಿದ್ದರೆ ಕಪ್ಪು-ಬಿಳುಪೇ ಇರಲಿ. ಅಂದ ಹಾಗೆ, ಫಿಲ್ಮಿನಿಂದ ವಿಡಿಯೊಗೆ ಬಂದದ್ದಕ್ಕೆ ಮೇಲಿನ 50 ಫ್ರೇಮಿನ ಪಾಠ ಹೊಂದುವುದಿಲ್ಲ. ಅಲ್ಲಿ ಎರಡು ಫೀಲ್ಡೂ ಒಂದೇ ಕ್ಷಣದವು, ಸುಮ್ನೆ ಜೋಡಿಸಿದರೆ ಪೂರ್ತಿ ಫ್ರೇಮು ಸಿಗುತ್ತದೆ.

ಇಡೀ ಮ್ಯಾಚನ್ನು ಒಮ್ಮೆಗೇ ಹಾಕಬೇಡಿ. ಹತ್ತು ಸೆಕೆಂಡಿನ ತುಣುಕುಗಳನ್ನು ಆರಿಸಿ: ದೂರದ ಶಾಟಿನಲ್ಲಿ ಹಾರುವ ಚೆಂಡು, ಗೋಲಿನ ನೆಟ್ಟು, ಜನರ ಗುಂಪು, ಸಂಜೆ ಬೆಳಕು ಇಳಿದ ಮೇಲಿನ ಆಟ. ಇವುಗಳಲ್ಲಿ ಪಾಸಾದ ಸೆಟಿಂಗ್ ಉಳಿದ ಕಡೆಯೂ ನಡೆಯುತ್ತದೆ. ಕೊನೆಗೆ ನಾನು ಇನ್ನೊಂದು ಮಾಡುತ್ತೇನೆ. ಎಐ ಕೊಟ್ಟ ಚಿತ್ರದ ಮೇಲೆ, ಎಐ ಇಲ್ಲದೆ ಸಾದಾ ಹಿಗ್ಗಿಸಿದ ಚಿತ್ರವನ್ನು ಶೇಕಡ 30-40ರಷ್ಟು ಬೆರೆಸುತ್ತೇನೆ. ಪ್ಲಾಸ್ಟಿಕ್ ಹೊಳಪು ಇಳಿದು ಟೇಪಿನ ಚಿತ್ರ ಟೇಪಿನ ಹಾಗೆ ಕಾಣುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎರಡು ಲೇಯರ್ ಹಾಕಿ ಮೇಲಿನದರ ಒಪ್ಯಾಸಿಟಿ ಇಳಿಸಿದರೆ ಆಯಿತು.

ತೊಂಬತ್ತು ನಿಮಿಷ ಅಂದರೆ 50ರಂತೆ 2,70,000 ಫ್ರೇಮು. ನಿಮ್ಮ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಹತ್ತು ಫ್ರೇಮು ಮಾಡಿದರೂ ಏಳೂವರೆ ಗಂಟೆ. ರಾತ್ರಿ ಹಚ್ಚಿ ಮಲಗಬೇಕು. ಮಳೆಗಾಲದಲ್ಲಿ ಕರೆಂಟಿನ ನಂಬಿಕೆ ಇಲ್ಲ, ಅದಕ್ಕೆ ಎಂಪಿ4 ಬದಲು ಎಂಕೆವಿ ಆಗಿ ಬರೆಸಿ. ಅರ್ಧಕ್ಕೆ ನಿಂತರೆ ಎಂಪಿ4 ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಸಿಗುತ್ತದೆ, ಬೆಳಗ್ಗೆ ಅಲ್ಲಿಂದಲೇ ಮುಂದುವರಿಸಬಹುದು.

ಶಬ್ದವನ್ನು ಹೆಚ್ಚು ಮುಟ್ಟಬೇಡಿ. ಗದ್ದಲದಿಂದ ಮಾತನ್ನು ಬೇರ್ಪಡಿಸುವ ಎಐಗಳಿಗೆ ಜನರ ಕೂಗೂ ಗದ್ದಲವೇ, ಗೋಲಾದಾಗಿನ ಆರ್ಭಟವನ್ನೇ ಒರೆಸಿಬಿಡುತ್ತವೆ. ಟೇಪಿನ ಸುಯ್ಯೆನ್ನುವ ಸದ್ದನ್ನು ಸ್ವಲ್ಪ ತಗ್ಗಿಸಿದರೆ ಸಾಕು.

ಮೊದಲು ಇಳಿಸಿದ ದೊಡ್ಡ ಫೈಲನ್ನು ಅಳಿಸಬೇಡಿ. ಮುಂದೆ ಇದಕ್ಕಿಂತ ಒಳ್ಳೆ ಮಾಡೆಲ್ ಬಂದಾಗ ಬೇಕಾಗುವುದು ಅದೇ. ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಹಂಚುವ ಪ್ರತಿಯ ಹೆಸರಿನಲ್ಲೇ "ಎಐ ಬಳಸಿದೆ" ಎಂದು ಸೇರಿಸಿ, ಯಾರಾದರೂ ಅದರಿಂದ ಫೋಟೊ ತೆಗೆದು ಪುಸ್ತಕಕ್ಕೆ ಹಾಕುವ ಮುಂಚೆ ಗೊತ್ತಾಗಲಿ.

ಆಮೇಲೆ ಆಡಿದವರನ್ನು ಕೂರಿಸಿಕೊಂಡು ಒಂದು ಸಲ ಪೂರ್ತಿ ಹಾಕಿ. ದೊಡ್ಡ ಟಿವಿ, ಪಕ್ಕದಲ್ಲಿ ನೋಟ್‌ಬುಕ್ಕು. ಮುಖ ಕಾಣದಿದ್ದರೂ ಅವರು ಓಟದಲ್ಲೇ ಗುರುತು ಹಿಡಿಯುತ್ತಾರೆ, "ಎಡಗಾಲಲ್ಲಿ ಒದ್ದನಲ್ಲ, ಹಾಗಿದ್ರೆ ಅವನೇ" ಅಂತ. ಇಷ್ಟನೇ ನಿಮಿಷ, ಇಷ್ಟನೇ ಸೆಕೆಂಡು, ಯಾರು ಯಾರಿಗೆ ಪಾಸ್ ಕೊಟ್ಟರು ಎಂದು ಬರೆದುಕೊಳ್ಳಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿ. ಇದನ್ನೇ ಎಸ್‌ಆರ್‌ಟಿ ಸಬ್‌ಟೈಟಲ್ ಫೈಲ್ ಮಾಡಿ ವಿಡಿಯೊ ಜೊತೆ ಕೊಡಿ. ಚಿತ್ರದ ಮೇಲೆ ಅಚ್ಚೊತ್ತಬೇಡಿ. ಹೆಸರು ತಪ್ಪಾಗಿದ್ದರೆ ತಿದ್ದಲು ಆಗುತ್ತದೆ, ಬೇಡದವರು ಆಫ್ ಮಾಡಿಕೊಳ್ಳುತ್ತಾರೆ.